ಅಂಬು ಕಡಿಯುವ ಹೊತ್ತು

ಭದ್ರಾವತಿಯ ಕಾಗದನಗರದಲ್ಲಿ, ಕ್ವಾರ್ಟರ್ಸ್ ಆಚೆಗಿನ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ನಾವು ಮೂರು ನಾಲ್ಕು ಜನ ಬಿಲ್ಲು ಹಿಡಿದು ನಿಲ್ಲುತ್ತೇವೆ. ಹಳೆಯ ಬಟ್ಟೆ ತುರುಕಿದ ಗೋಣಿಚೀಲವೇ ಗುರಿ. ಬಿಲ್ಲುಗಳು ಮರದವು. ಬಾಣಗಳು ಮಾತ್ರ ಕಾರ್ಬನ್ನಿನವು. ಎಂಟನೇ ತರಗತಿಯ ಹುಡುಗನೊಬ್ಬ ನಮ್ಮ ಜೊತೆ ಬರುತ್ತಾನೆ. ಅವನಿಗೆ ಸ್ವಂತ ಬಾಣಗಳಿಲ್ಲ, ನನ್ನವನ್ನೇ ಬಳಸುತ್ತಾನೆ.

ಒಂದು ದಿನ ನಾನು ಬಿಟ್ಟ ಬಾಣ ಚೀಲದ ಅಂಚು ತಪ್ಪಿ ಹಿಂದಿನ ಕಲ್ಲಿಗೆ ಬಡಿಯಿತು. ಹುಡುಗ ಓಡಿ ಹೋಗಿ ತಂದ. ‘ಏನೂ ಆಗಿಲ್ಲ ಅಣ್ಣಾ’ ಅಂದ. ನೋಡಿದರೆ ನಿಜವಾಗಿಯೂ ಏನೂ ಆಗಿರಲಿಲ್ಲ. ಮೊನೆ ಸ್ವಲ್ಪ ಮೊಂಡಾಗಿತ್ತು, ಅಷ್ಟೇ. ಮನೆಗೆ ತಂದು ದೀಪದ ಕೆಳಗೆ ತಿರುಗಿಸಿದಾಗ ಮೊನೆಯ ಹಿಂದೆ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಅದು ಬಿರುಕೋ, ಬಣ್ಣ ಎದ್ದ ಗೀರೋ ಎಂದು ತಿಳಿಯಲಿಲ್ಲ. ತಿಳಿಯುವವರೆಗೆ ಕಾಯುವ ತಾಳ್ಮೆಯೂ ನನಗಿರಲಿಲ್ಲ. ಎರಡು ಬೆರಳಗಲದ ಅಲ್ಯೂಮಿನಿಯಂ ಕೊಳವೆಯ ತುಂಡನ್ನು ಬಳೆಯಂತೆ ಮೊನೆಯ ಹಿಂದೆ ತೊಡಿಸಿ, ಎಪಾಕ್ಸಿ ಅಂಟು ಹಾಕಿ ಕೂರಿಸಿದೆ. ಬಾಣ ಮೊದಲಿಗಿಂತ ಚೆಂದ ಕಂಡಿತು. ಗೆರೆ ಬಳೆಯ ಕೆಳಗೆ ಮರೆಯಾಯಿತು.

ಮುಂದಿನ ಭಾನುವಾರ ಹುಡುಗ ಬತ್ತಳಿಕೆ ನೋಡಿ ನೇರವಾಗಿ ಅದಕ್ಕೇ ಕೈ ಹಾಕಿದ. ‘ಅಣ್ಣಾ, ಈ ಬಳೆ ಹಾಕಿರೋದು ಕೊಡಿ. ಇದೇ ಗಟ್ಟಿ ಅಲ್ವಾ?’

ಆ ಪ್ರಶ್ನೆಗೆ ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ಈ ಬರಹ ಹುಟ್ಟಿದ್ದು ಅಲ್ಲಿ. ಒಂದು ವಸ್ತುವನ್ನು ಹೆಚ್ಚು ಬಾಳಿಕೆ ಬರುವಂತೆ ಮಾಡುವುದು ಒಳ್ಳೆಯ ಕೆಲಸ ಎಂದು ನಾವೆಲ್ಲ ಸುಲಭವಾಗಿ ಒಪ್ಪುತ್ತೇವೆ. ಆದರೆ ಗಟ್ಟಿಯಾಗಿರುವುದು, ಗಟ್ಟಿಯಾಗಿ ಕಾಣುವುದು, ನಂಬಬಹುದಾಗಿರುವುದು ಈ ಮೂರೂ ಒಂದೇ ಅಲ್ಲ. ಮೂರನ್ನೂ ಒಂದೇ ಎಂದುಕೊಂಡಾಗ ಪೆಟ್ಟು ಬೀಳುವುದು ಹೆಚ್ಚಾಗಿ ಇನ್ನೊಬ್ಬರ ಕೈಗೆ.

ಕೈಗೆ ಎಂದದ್ದು ಅಲಂಕಾರಕ್ಕಲ್ಲ. ಒಲಿಂಪಿಕ್ಸಿನಲ್ಲಿ ನಾವು ನೋಡುವ ಬಿಲ್ಲಿನಲ್ಲಿ ಬಾಣ ಕೂರಲು ಒಂದು ಪುಟ್ಟ ಆಸರೆ ಇರುತ್ತದೆ. ಸಾಂಪ್ರದಾಯಿಕ ಬಿಲ್ಲಿನಲ್ಲಿ ಹಲವು ಸಲ ಅದಿಲ್ಲ. ಬಿಲ್ಲು ಹಿಡಿದ ಮುಷ್ಟಿಯ ಮೇಲೇ ಬಾಣ ಮಲಗಿರುತ್ತದೆ, ಅಲ್ಲಿಂದಲೇ ಹಾರುತ್ತದೆ. ಹೆದೆ ಬಿಟ್ಟ ಕ್ಷಣ ಹಿಂದಿನಿಂದ ಬೀಳುವ ಒತ್ತಡಕ್ಕೆ ಬಾಣ ಮೊದಲು ಬಿಲ್ಲಿನಂತೆ ಬಾಗಿ, ಮೀನಿನಂತೆ ಬಳುಕಿ, ಆಮೇಲೆ ನೆಟ್ಟಗಾಗುತ್ತದೆ. ಒಳಗೆ ಬಿರುಕಿದ್ದರೆ ಅದು ಒಡೆಯುವುದು ಸಾಮಾನ್ಯವಾಗಿ ಆ ಬಳುಕಿನಲ್ಲಿ, ಅಂದರೆ ಇನ್ನೂ ಕೈಯ ಮೇಲಿರುವಾಗ. ಕಾರ್ಬನ್ ಒಡೆದಾಗ ಉದ್ದುದ್ದ ಸೂಜಿಗಳಾಗಿ ಸೀಳುತ್ತದೆ. ಆ ಸೂಜಿಗಳು ಹೆಬ್ಬೆರಳಿನ ಬುಡಕ್ಕೆ ನುಗ್ಗಿದರೆ ಚಿಮಟ ಹಿಡಿದು ತೆಗೆಯುವಂಥ ಮುಳ್ಳಾಗಿರುವುದಿಲ್ಲ, ಆಸ್ಪತ್ರೆಗೇ ಹೋಗಬೇಕು.

ಹಾಗಾದರೆ ಮರದ ಬಿಲ್ಲಿಗೆ ಈ ಕಾರ್ಬನ್ ಬಾಣ ಏಕೆ? ಬಿದಿರಿಗೇನು ಬರವೇ? ಈ ಊರಿನಲ್ಲಿ ನಿಂತು ಕೇಳಿದರೆ ಪ್ರಶ್ನೆ ಇನ್ನೂ ಚುಚ್ಚುತ್ತದೆ. ಕಾಗದನಗರ ಹುಟ್ಟಿದ್ದೇ ಬಿದಿರಿನಿಂದ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಸುತ್ತಲಿನ ಕಾಡಿನ ಬಿದಿರನ್ನು ನಂಬಿಕೊಂಡೇ ಶುರುವಾದದ್ದು. ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗ ಇಂದಿಗೂ ಇದೆ, ಅದರಲ್ಲಿ ಮಕ್ಕಳು ಹಿಡಿಯುವುದು ಬಿದಿರಿನ ಬಿಲ್ಲು. ಅಂತರರಾಷ್ಟ್ರೀಯ ನಿಯಮಗಳಲ್ಲೂ ಲಾಂಗ್‌ಬೋ ವಿಭಾಗಕ್ಕೆ ಮರದ ಬಾಣವೇ ಆಗಬೇಕು.

ಆದರೆ ಒಂದೇ ತೂಕ, ಒಂದೇ ಬಿಗುವು ಇರುವ ಹನ್ನೆರಡು ಬಿದಿರಿನ ಬಾಣ ಮಾಡಿ ನೋಡಿದವರಿಗೆ ಕಷ್ಟ ಗೊತ್ತು. ಬಿದಿರನ್ನು ಆರಿಸಿ, ತಿಂಗಳುಗಟ್ಟಲೆ ಒಣಗಿಸಿ, ಬೆಂಕಿಗೆ ಹಿಡಿದು ಗಿಣ್ಣುಗಿಣ್ಣನ್ನೂ ನೆಟ್ಟಗೆ ಮಾಡಬೇಕು. ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ನೆಟ್ಟಗಾದದ್ದು ಮತ್ತೆ ಸೊಟ್ಟಗಾಗುತ್ತದೆ. ಗೋಡೆಯೇ ಬೆವರುವ ಮಲೆನಾಡಿನ ಮನೆಯಲ್ಲಿ ಕಾರ್ಬನ್ ಬಾಣ ಮಾತ್ರ ಹೇಗಿಟ್ಟದ್ದು ಹಾಗೇ ಇರುತ್ತದೆ. ವಾರಕ್ಕೊಮ್ಮೆ ಎರಡು ಗಂಟೆ ಬಿಡುವು ಸಿಗುವವನಿಗೆ ಇದು ದೊಡ್ಡ ಅನುಕೂಲ. ಶುದ್ಧ ಸಂಪ್ರದಾಯವಾದಿಗಳು ಮೂಗು ಮುರಿಯುತ್ತಾರೆ. ಅವರಿಗೆ ನನ್ನ ಉತ್ತರ ಚಿಕ್ಕದು: ಮರ, ಕೊಂಬು, ನರ, ಅಂಟು ನಾಲ್ಕನ್ನೂ ಸೇರಿಸಿ ಬಿಲ್ಲು ಕಟ್ಟಿದ ಏಷ್ಯಾದ ಹಳೆಯ ಕಸುಬುದಾರರು ಬೇರೆಬೇರೆ ವಸ್ತುಗಳನ್ನು ಅಂಟಿನಿಂದ ಒಂದು ಮಾಡುವ ವಿದ್ಯೆಯನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಕಾರ್ಬನ್ ಬಾಣವೂ ಎಳೆ ಮತ್ತು ಅಂಟು ಕೂಡಿದ್ದೇ.

ಇನ್ನೊಂದು ಮಾತು. ಕಾರ್ಬನ್ ಎಂದರೆ ಇದ್ದಿಲು, ಮತ್ತು ಭದ್ರಾವತಿಗೆ ಇದ್ದಿಲು ಹೊಸದಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಇಲ್ಲಿನ ಕಬ್ಬಿಣದ ಕಾರ್ಖಾನೆ ಅದಿರು ಕರಗಿಸಿದ್ದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಗಾಳಿ ಸಿಗದಂತೆ ಕಾಯಿಸಿದರೆ ಮರ ಬೂದಿಯಾಗದೆ ಇದ್ದಿಲಾಗುತ್ತದೆ. ಕಾರ್ಬನ್ ಎಳೆ ತಯಾರಾಗುವುದೂ ಬಹುಮಟ್ಟಿಗೆ ಹಾಗೆಯೇ. ಬಟ್ಟೆಯ ನೂಲಿನಂಥ ಕೃತಕ ಎಳೆಯನ್ನು ಆಮ್ಲಜನಕ ಸೋಕದಂತೆ 1000 ಡಿಗ್ರಿಗೂ ಮೀರಿ ಕಾಯಿಸಿದಾಗ ಉಳಿದೆಲ್ಲ ಹಾರಿಹೋಗಿ ಇಂಗಾಲ ಉಳಿಯುತ್ತದೆ. ಆ ಎಳೆಗಳನ್ನು ರಾಳದಲ್ಲಿ ಅದ್ದಿ ಕೊಳವೆಯಾಗಿ ಸುತ್ತಿದರೆ ಬಾಣದ ಕಾಂಡ ಸಿದ್ಧ. ಎಳೆಯ ಉದ್ದಕ್ಕೆ ಎಳೆದರೆ ಅದಕ್ಕೆ ಅಸಾಧ್ಯ ಬಲ. ಅಡ್ಡಲಾಗಿ ಹಿಸುಕಿದರೆ, ತುದಿಗೆ ಕುಟ್ಟಿದರೆ ಆ ಬಲ ಇಲ್ಲ. ಎಳೆಗಳನ್ನು ಅಕ್ಕಪಕ್ಕ ಹಿಡಿದಿಟ್ಟಿರುವುದು ರಾಳ ಮಾತ್ರ, ರಾಳ ಬಿಟ್ಟಲ್ಲಿ ಕಾಂಡ ಸೀಳುತ್ತದೆ.

ಆದ್ದರಿಂದ ಕಾರ್ಬನ್ ಬಾಣ ಸಾಯುವುದು ಹೆಚ್ಚಾಗಿ ಎರಡು ತುದಿಗಳಿಂದ. ಮುಂದೆ, ಗಟ್ಟಿ ವಸ್ತುವಿಗೆ ಬಡಿದಾಗ, ಮೊನೆಯನ್ನು ಹಿಡಿದಿರುವ ಒಳಗಿನ ಲೋಹದ ತುಂಡು ಹಿಂದಕ್ಕೆ ನುಗ್ಗಿ ಕೊಳವೆಯ ಬಾಯನ್ನು ಒಳಗಿನಿಂದ ಸೀಳುತ್ತದೆ. ಹಿಂದೆ, ಗುರಿಯಲ್ಲಿ ಮೊದಲೇ ನೆಟ್ಟಿರುವ ಬಾಣಕ್ಕೆ ಇನ್ನೊಂದು ಬಂದು ಹೊಡೆದಾಗ, ಹೆದೆ ಕೂರುವ ಸೀಳಿನ ಬುಡ ಒಡೆಯುತ್ತದೆ. ಇವೆರಡನ್ನು ಬಲಪಡಿಸುವ ದಾರಿ ಬಿಲ್ಲುಗಾರರಿಗೆ ಗೊತ್ತಿದೆ. ಕಾಂಡ ಕತ್ತರಿಸುವಾಗ ಕೊಳವೆ ಕತ್ತರಿಸುವ ಕಟ್ಟರ್ ಬಳಸಿ ಹಿಸುಕಬಾರದು, ವೇಗವಾಗಿ ತಿರುಗುವ ಉಜ್ಜುಚಕ್ರದಿಂದ ಕೊಯ್ಯಬೇಕು. ಬಾಯನ್ನು ಮರಳು ಕಾಗದದಲ್ಲಿ ತೀಡಿ ಸಮ ಮಾಡಬೇಕು, ಲೋಹದ ತುಂಡು ಸುತ್ತಲೂ ಒಂದೇ ಸಮ ಒತ್ತುವುದು ಆಗಲೇ. ಒಳಗಿನ ಧೂಳು, ಜಿಡ್ಡು ಒರೆಸಿ ಎಪಾಕ್ಸಿ ಹಚ್ಚಬೇಕು. ಕಾಯಿಸಿ ಅಂಟಿಸುವ ಅಂಟಾದರೆ ಬಿಸಿ ಹೆಚ್ಚಾಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಬಿಸಿ ರಾಳವನ್ನೇ ಕೆಡಿಸುತ್ತದೆ. ಕೊನೆಗೆ ಬಾಯಿಯ ಹೊರಗೆ ಬಿಗಿಯಾಗಿ ಕೂರುವ ಲೋಹದ ಬಳೆ, ಇಲ್ಲವೇ ಅಂಟಿನಲ್ಲಿ ಅದ್ದಿದ ರೇಷ್ಮೆ ದಾರದ ಸುತ್ತು. ದಾರದ ಸುತ್ತು ಬಾಣ ಕಟ್ಟುವವರ ಅತಿ ಹಳೆಯ ಉಪಾಯ. ಹಿಂದೆ ದಾರದ ಜಾಗದಲ್ಲಿ ಪ್ರಾಣಿಯ ನರ ಇರುತ್ತಿತ್ತು.

ಇದೆಲ್ಲಕ್ಕೂ ಬೆಲೆ ಇದೆ. ಮುಂದೆ ಬಳೆ ಹಾಕಿದರೆ ಮುಂಭಾಗದ ತೂಕ ಹೆಚ್ಚುತ್ತದೆ. ತೂಕ ಹೆಚ್ಚಿದಷ್ಟೂ ಬಾಣ ಹೆಚ್ಚು ಬಳುಕುತ್ತದೆ, ಹಳೆಯ ಗುರಿಯಿಂದ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಬಾಳಿಕೆಯನ್ನು ಸುಮ್ಮನೆ ಸೇರಿಸಲು ಬರುವುದಿಲ್ಲ. ಸೇರಿಸಿದ ಮೇಲೆ ಬಾಣ ಇನ್ನೊಂದೇ ಬಾಣವಾಗುತ್ತದೆ, ಬಿಲ್ಲುಗಾರ ಅದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಇಲ್ಲಿಯವರೆಗೆ ಕಸುಬಿನ ಮಾತಾಯಿತು. ನೀತಿಯ ಮಾತು ಶುರುವಾಗುವುದು ಬಳೆ ಯಾವಾಗ ಬಿತ್ತು ಎಂಬಲ್ಲಿ. ಗಟ್ಟಿ ಇರುವ ಬಾಣಕ್ಕೆ ಮೊದಲೇ ತೊಡಿಸಿದ ಬಳೆ ಅದನ್ನು ಬಲಪಡಿಸುತ್ತದೆ. ಬಿರುಕಿರಬಹುದಾದ ಬಾಣಕ್ಕೆ ಆಮೇಲೆ ತೊಡಿಸಿದ ಬಳೆ ಬಿರುಕನ್ನು ಮುಚ್ಚುತ್ತದೆ. ಅದೇ ಬಳೆ, ಅದೇ ಅಂಟು, ಅದೇ ಕೈ. ಹೊರಗಿನಿಂದ ನೋಡುವ ಹುಡುಗನಿಗೆ ಎರಡೂ ಒಂದೇ. ವ್ಯತ್ಯಾಸ ಗೊತ್ತಿರುವುದು ತೊಡಿಸಿದವನಿಗೆ ಮಾತ್ರ. ಪ್ರಾಮಾಣಿಕ ದುರಸ್ತಿ ಬೇರೆ ಇದೆ: ಅನುಮಾನದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಉಳಿದ ಗಟ್ಟಿ ಕಾಂಡಕ್ಕೆ ಹೊಸದಾಗಿ ಮೊನೆ ಕೂರಿಸುವುದು. ಆಗ ಬಾಣ ಗಿಡ್ಡವಾಗುತ್ತದೆ. ನನ್ನ ಎಳೆತಕ್ಕೆ ಸಾಲುವುದಿಲ್ಲ, ಆದರೆ ಹುಡುಗನ ಚಿಕ್ಕ ತೋಳಿಗೆ ಸಾಲುತ್ತದೆ. ನಾನು ಅದನ್ನು ಮಾಡಲಿಲ್ಲ. ಬಾಣದ ಉದ್ದ ಉಳಿಯಲಿ ಎಂದುಕೊಂಡೆ. ಉಳಿಸಿದ್ದು ಉದ್ದವನ್ನಲ್ಲ, ನನ್ನ ಲೆಕ್ಕದ ಒಂದು ಬಾಣವನ್ನು.

ಬಿದಿರು ಈ ವಿಷಯದಲ್ಲಿ ಬಾಯಿಬಿಟ್ಟು ಹೇಳುವ ಜಾತಿ. ಸೊಟ್ಟಗಾದರೆ ಕಾಣುತ್ತದೆ, ಹುಳು ಹಿಡಿದರೆ ಪುಡಿ ಉದುರುತ್ತದೆ, ಬಿರಿದರೆ ಬೆರಳಿಗೆ ಸಿಗುತ್ತದೆ. ಕಾರ್ಬನ್ ಮೌನಿ. ಒಳಪದರ ಬಿಟ್ಟಿದ್ದರೂ ಹೊರಗೆ ಕಪ್ಪಗೆ, ನುಣ್ಣಗೆ, ನೆಟ್ಟಗೆ ಇರುತ್ತದೆ. ಇದು ಬಾಣಕ್ಕಷ್ಟೇ ಸಂಬಂಧಿಸಿದ ಕಷ್ಟವಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ಕಟ್ಟುವ ತೇಜಸ್ ವಿಮಾನದ ದೇಹದ ತೂಕದಲ್ಲಿ ಸುಮಾರು ಶೇಕಡ 45ರಷ್ಟು ಇದೇ ಬಗೆಯ ಕಾರ್ಬನ್ ಸಂಯುಕ್ತ. ವಿಮಾನದ ಎಂಜಿನಿಯರುಗಳು ಹೆದರುವುದು ಕಣ್ಣಿಗೆ ಕಾಣುವ ತೂತಿಗಿಂತ, ಕೈಜಾರಿ ಬಿದ್ದ ಒಂದು ಸ್ಪ್ಯಾನರಿನ ಪೆಟ್ಟಿಗೆ. ಮೇಲೆ ಗುರುತೇ ಉಳಿಯದೆ ಒಳಗೆ ಪದರ ಬಿಟ್ಟಿರಬಹುದು. ಅದಕ್ಕೇ ಅವರು ಶಬ್ದದ ಅಲೆ ಹಾಯಿಸಿ ಒಳಗನ್ನು ಕೇಳಿಸಿಕೊಳ್ಳುತ್ತಾರೆ.

ನಮ್ಮ ಹತ್ತಿರ ಅಂಥ ಯಂತ್ರವಿಲ್ಲ, ಕಿವಿ ಇದೆ. ಬಾಣದ ಎರಡು ತುದಿ ಹಿಡಿದು ಮೈಯಿಂದ ದೂರಕ್ಕೆ ಮೆಲ್ಲಗೆ ಬಾಗಿಸಬೇಕು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸುತ್ತಲೂ ಹಾಗೆ ಮಾಡಬೇಕು. ಚಿಟಿಚಿಟಿ ಎಂದರೆ ಅದರ ಕಥೆ ಮುಗಿಯಿತು. ಹತ್ತಿಯ ಉಂಡೆಯಿಂದ ಉದ್ದಕ್ಕೂ ಒರೆಸಿದರೆ ಎದ್ದ ಎಳೆ ಇರುವಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಒಂದು ಬಾಣಕ್ಕೆ ಅರ್ಧ ನಿಮಿಷ. ಗಟ್ಟಿಯಾದದ್ದಕ್ಕೆ ಬಡಿದಾಗಲೆಲ್ಲ, ಅನುಮಾನ ಬಂದಾಗಲೆಲ್ಲ ಮಾಡಬೇಕು. ಸೋಜಿಗವೆಂದರೆ ಬಾಣಗಳಿಗೆ ಬಳೆ ತೊಡಿಸತೊಡಗಿದ ಮೇಲೆ ನಾನು ಈ ಅರ್ಧ ನಿಮಿಷವನ್ನು ಬಿಟ್ಟುಬಿಟ್ಟಿದ್ದೆ. ಬಳೆ ಇದೆಯಲ್ಲ ಎಂಬ ಧೈರ್ಯ. ಬಾಣ ಗಟ್ಟಿಯಾಯಿತು, ನಾನು ಸಡಿಲವಾದೆ. ಬಾಣದಲ್ಲಿ ಹೆಚ್ಚಿದ ಬಾಳಿಕೆ ನನ್ನ ಎಚ್ಚರದಿಂದ ಕಳೆದದ್ದಾಗಿತ್ತು. ಲೆಕ್ಕ ಕೂಡಿಸಿದರೆ ಹುಡುಗನ ಕೈ ಮೊದಲಿಗಿಂತ ಸುರಕ್ಷಿತವಾಗಿರಲಿಲ್ಲ.

ಇಷ್ಟು ಅನುಮಾನವಿದ್ದರೆ ಎಸೆದುಬಿಡಿ, ಬಾಣಕ್ಕೇನು ಎಂದು ಒಬ್ಬರು ಹೇಳಬಹುದು. ನಮ್ಮ ಭಾರತ ಕಥೆಯಲ್ಲೂ ಅಂಥ ಒಂದು ದೊಡ್ಡ ನೆನಪಿದೆ. ಕೃಷ್ಣ ರಥವನ್ನು ಅದುಮಿದ್ದರಿಂದ ಕರ್ಣನ ಸರ್ಪಾಸ್ತ್ರ ಅರ್ಜುನನ ಕೊರಳು ತಪ್ಪಿ ಕಿರೀಟವನ್ನಷ್ಟೇ ಹಾರಿಸುತ್ತದೆ. ಸರ್ಪ ಮರಳಿ ಬಂದು ಇನ್ನೊಮ್ಮೆ ತೊಡು ಎಂದಾಗ ಕರ್ಣ ಒಪ್ಪುವುದಿಲ್ಲ. ಒಮ್ಮೆ ತೊಟ್ಟದ್ದನ್ನು ಮತ್ತೆ ತೊಡುವುದಿಲ್ಲ ಎಂಬ ಅವನ ಮಾತು ಯಕ್ಷಗಾನ, ತಾಳಮದ್ದಳೆ ಕೇಳುವ ಮಲೆನಾಡಿನವರಿಗೆಲ್ಲ ಪರಿಚಿತ. ಆದರೆ ಅದು ಯುದ್ಧದ ಬಾಣ, ವೀರನ ಛಲ. ಅಭ್ಯಾಸದ ಬಾಣದ ಧರ್ಮ ಅದಕ್ಕೆ ತದ್ವಿರುದ್ಧ. ಅದು ಸಾವಿರ ಸಲ ಹೋಗಿ ಸಾವಿರ ಸಲ ಬರಬೇಕು. ಬಿಟ್ಟ ಮೇಲೆ ನಡೆದು ಹೋಗಿ, ಬಗ್ಗಿ, ಕಿತ್ತು, ಒರೆಸಿ ತರುವುದು ಅಭ್ಯಾಸದ ಅರ್ಧ ಭಾಗ. ಬಿಡುವುದಕ್ಕಿಂತ ತರುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಆ ಹುಡುಗನಂಥವರಿಗೆ ಒಂದೊಂದು ಬಾಣವೂ ಬೆಲೆಯುಳ್ಳದ್ದು. ಅನುಮಾನಕ್ಕೊಂದರಂತೆ ಎಸೆಯುತ್ತ ಹೋಗುವುದು ದುಡ್ಡಿದ್ದವರ ನೀತಿ.

ಎಸೆಯುವುದಾದರೂ ಎಲ್ಲಿಗೆ? ಹುಲ್ಲಿನಲ್ಲಿ ಕಳೆದುಹೋದ ಬಿದಿರಿನ ಬಾಣವನ್ನು ಎರಡು ಮಳೆಗಾಲದಲ್ಲಿ ಗೆದ್ದಲು ಮುಗಿಸುತ್ತದೆ. ಕಾರ್ಬನ್ನನ್ನು ಗೆದ್ದಲು ಮುಟ್ಟುವುದಿಲ್ಲ, ಮಳೆ ಕರಗಿಸುವುದಿಲ್ಲ. ಬಾಳಿಕೆ ಎಂದು ನಾವು ಹೊಗಳುವ ಗುಣ ಬಾಣ ನಮ್ಮ ಕೈ ತಪ್ಪಿದ ಮೇಲೂ ನಿಲ್ಲುವುದಿಲ್ಲ. ನಮ್ಮ ಬಯಲಿನಲ್ಲಿ ಮಧ್ಯಾಹ್ನದ ಮೇಲೆ ದನ ಮೇಯುತ್ತವೆ, ಸಂಜೆ ಮಕ್ಕಳು ಬರಿಗಾಲಲ್ಲಿ ಕ್ರಿಕೆಟ್ ಆಡುತ್ತಾರೆ. ಹುಲ್ಲಿನ ಬುಡದಲ್ಲಿ ಅಡಗಿದ ಒಂದು ಗೇಣು ಕಾರ್ಬನ್ ಸೀಳು ದನದ ಬಾಯಿಗೆ, ಮಗುವಿನ ಅಂಗಾಲಿಗೆ ವರ್ಷಗಟ್ಟಲೆ ಕಾಯುತ್ತಿರುತ್ತದೆ. ನಮಗೆ ಬಾಳಿಕೆ ಬಂದದ್ದು ಅವರಿಗೂ ಬಾಳಿಕೆ ಬರುತ್ತದೆ, ಅಪಾಯವಾಗಿ. ಹಾಗಾಗಿ ಬಾಳಿಕೆಯ ವಸ್ತು ಮಾಡುವವನ, ಬಳಸುವವನ ಹೊಣೆ ವಸ್ತು ಕೆಲಸಕ್ಕೆ ಬರುವಷ್ಟು ದಿನಕ್ಕೆ ಸೀಮಿತವಲ್ಲ. ಅದು ಎಷ್ಟು ದಿನ ಇರುತ್ತದೋ ಅಷ್ಟು ದಿನದ ಹೊಣೆ.

ಕಾಗದನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಕಾರ್ಖಾನೆಯಲ್ಲಿ 2015ರ ಕೊನೆಯ ಹೊತ್ತಿಗೆ ಉತ್ಪಾದನೆ ನಿಂತಿತು. ದೊಡ್ಡ ಯಂತ್ರಗಳಿಗೆ ಬಾಳಿಕೆ ಇರಲಿಲ್ಲವೆಂದಲ್ಲ. ಯಂತ್ರದ ಬಾಳಿಕೆ ಎಂಬುದು ಅದರ ಉಕ್ಕಿನೊಳಗಷ್ಟೇ ಇರುವುದಿಲ್ಲ. ಎಣ್ಣೆ ಹಾಕುವ ಕೈ, ಸದ್ದು ಬದಲಾದರೆ ಗುರುತಿಸುವ ಕಿವಿ, ಯಾವ ಭಾಗ ಯಾವಾಗ ಬದಲಾಯಿಸಬೇಕೆಂದು ಬರೆದಿಡುವ ಪುಸ್ತಕ ಇವೆಲ್ಲ ಸೇರಿ ಅದು ಬಾಳುತ್ತದೆ. ಕೈ ಹೊರಟುಹೋದ ದಿನದಿಂದ ಉಕ್ಕು ಬರೀ ಉಕ್ಕು. ಪಾಳಿಯ ಮೇಲೆ ಪಾಳಿ ದುಡಿದ ಹಿರಿಯರ ಮನೆಗಳಲ್ಲಿ ಇಂದೂ ನಾಲ್ಕು ಸಲ ರಿಪೇರಿ ಕಂಡ ಸೈಕಲ್, ಮಿಕ್ಸಿ, ಫ್ಯಾನುಗಳು ಓಡುತ್ತಿರುವುದಕ್ಕೆ ಕಾರಣ ಆ ವಸ್ತುಗಳ ಗುಣವೊಂದೇ ಅಲ್ಲ. ಅವುಗಳ ದೌರ್ಬಲ್ಯ ಎಲ್ಲಿದೆಯೆಂದು ಬಲ್ಲವರೊಬ್ಬರು ಮನೆಯಲ್ಲಿದ್ದಾರೆ.

ಇದೇ ನನಗೆ ತೋಚಿದ ಉತ್ತರ. ಬಾಣದ ಬಾಳಿಕೆ ಹೆಚ್ಚಿಸುವುದೆಂದರೆ ಅದು ಒಡೆಯದಂತೆ ಮಾಡುವುದಲ್ಲ, ಒಡೆಯದ ಬಾಣ ಇಲ್ಲವೇ ಇಲ್ಲ. ಒಡೆಯುವ ಮೊದಲೇ ತಿಳಿಯುವಂತೆ ಇಟ್ಟುಕೊಳ್ಳುವುದು, ತಿಳಿದದ್ದನ್ನು ಮುಂದೆ ಬಳಸುವವನಿಗೆ ಮುಚ್ಚದೆ ಹೇಳುವುದು, ಮುಗಿಸಬೇಕಾದಾಗ ನಮ್ಮ ಕೈಯಾರೆ ಮುಗಿಸುವುದು. ಬಲಪಡಿಸುವ ಕೆಲಸವನ್ನು ಸಾಧ್ಯವಾದಷ್ಟು ಬಾಣದಿಂದ ಹೊರಗೇ ಶುರುಮಾಡಬೇಕು. ಬಾಣಕ್ಕೆ ಬಳೆ ತೊಡಿಸುವ ಮೊದಲು ಗುರಿಯ ಹಿಂದಿನ ಕಲ್ಲು ತೆಗೆಯಬೇಕಿತ್ತು, ಅಗಲಕ್ಕೆ ಭತ್ತದ ಹುಲ್ಲಿನ ಹೊರೆ ಒಟ್ಟಬೇಕಿತ್ತು. ಒಂದು ಬೆಳಗಿನ ಬೆವರು ಅಷ್ಟೇ. ನಾನು ಅದನ್ನು ಬಿಟ್ಟು ಅಂಟು, ಬಳೆ ಎಂದು ಅಲೆದೆ. ಕಾರಣ ಸ್ಪಷ್ಟ: ಕಲ್ಲು ಎತ್ತುವುದು ಕೂಲಿ, ಬಳೆ ತೊಡಿಸುವುದು ಕುಶಲತೆ. ಕೈಚಳಕದ ಕೆಲಸ ನಮಗೆ ಹಿಡಿಸುತ್ತದೆ, ಅದರಲ್ಲಿ ಒಂದಿಷ್ಟು ಅಹಂಕಾರಕ್ಕೂ ಜಾಗವಿರುತ್ತದೆ.

ಶಿವಮೊಗ್ಗದ ದಸರಾ ಮುಗಿಯುವುದು ಅಂಬು ಕಡಿಯುವುದರಿಂದ. ವಿಜಯದಶಮಿಯ ಸಂಜೆ ತಹಶೀಲ್ದಾರರು ಸಾಂಪ್ರದಾಯಿಕ ಉಡುಗೆ ತೊಟ್ಟು ಬಾಳೆಯ ಕಂಬವನ್ನು ಕತ್ತಿಯಿಂದ ಕಡಿಯುತ್ತಾರೆ, ಆಮೇಲೆ ಜನ ಬನ್ನಿ ಹಂಚಿಕೊಳ್ಳುತ್ತಾರೆ. ಚಿಕ್ಕಂದಿನಿಂದ ನೋಡುತ್ತ ಬಂದಿದ್ದರೂ ಬಾಳೆಯನ್ನು ಕಡಿದು ಅಂಬು ಕಡಿದರು ಎನ್ನುವುದೇಕೆ ಎಂದು ನಾನು ಯೋಚಿಸಿದ್ದಿಲ್ಲ. ಆಚರಣೆಯ ಮೂಲ ಏನೇ ಇರಲಿ, ಈಗ ಆ ಹೆಸರು ಕಿವಿಗೆ ಬಿದ್ದಾಗ ನನಗೆ ಹೊಳೆಯುವ ಅರ್ಥ ಬೇರೆ. ಆಯುಧ ಪೂಜೆಯ ಮರುದಿನವೇ ಅಂಬನ್ನು ಕಡಿಯುವ ದಿನ ಬರುತ್ತದೆ. ಪೂಜಿಸಿದ ಕೈಗೆ ಕಡಿಯುವುದೂ ಗೊತ್ತಿರಬೇಕು.

ಆ ಭಾನುವಾರ ಹುಡುಗನಿಗೆ ಬೇರೆ ಬಾಣ ಕೊಟ್ಟೆ. ಬಳೆಯದನ್ನು ಮನೆಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಧೂಳು ಏಳದಂತೆ ನೀರು ಹನಿಸುತ್ತ ಗರಗಸದಿಂದ ಬಳೆಯ ನಡುವಿಗೇ ಕೊಯ್ದೆ. ಬಿರುಕು ಎಲ್ಲಿಯವರೆಗೆ ಹೋಗಿತ್ತು ನೋಡೋಣ ಎಂಬ ಆಸೆ. ನೋಡಲಾಗಲಿಲ್ಲ. ಗರಗಸವೇ ಎಳೆಗಳನ್ನು ಎಬ್ಬಿಸಿಬಿಟ್ಟಿತ್ತು, ಹಳೆಯ ಬಿರುಕು ಯಾವುದು, ಈಗಿನ ಸೀಳು ಯಾವುದು ತಿಳಿಯುವಂತಿರಲಿಲ್ಲ. ಬಹುಶಃ ಬಾಣ ಚೆನ್ನಾಗಿಯೇ ಇತ್ತು. ಇನ್ನೂ ನೂರು ಸಲ ಹಾರುತ್ತಿತ್ತೇನೋ. ಅದು ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಇಂಥ ನಿರ್ಧಾರಗಳಲ್ಲಿ ಸರಿ ಮಾಡಿದೆ ಎಂಬ ಸಮಾಧಾನ ಸಿಗುವುದಿಲ್ಲ, ಏಕೆಂದರೆ ತಪ್ಪಿದ ಅನಾಹುತ ಸಾಕ್ಷಿ ಹೇಳಲು ಬರುವುದಿಲ್ಲ. ಬಾಣ ನನಗಾದರೆ ನಾನು ಬಿಟ್ಟು ನೋಡುತ್ತಿದ್ದೆನೇನೋ. ಕೈ ಅವನದು.

ಮುಂದಿನ ವಾರ ತುಂಡುಗಳನ್ನು ತೋರಿಸಿದಾಗ ಹುಡುಗ ಮುಖ ಸಣ್ಣ ಮಾಡಿದ. ‘ಚೆನ್ನಾಗಿತ್ತಲ್ಲ ಅಣ್ಣಾ, ಸುಮ್ನೆ ಹಾಳು ಮಾಡಿಬಿಟ್ರಿ.’

‘ಇರಬಹುದು ಕಣೋ’ ಎಂದೆ. ಬತ್ತಳಿಕೆಯಿಂದ ಇನ್ನೊಂದು ತೆಗೆದು ಕೊಟ್ಟೆ. ಅವನು ಅದನ್ನು ಹೆದೆಗೆ ಹೂಡುವ ಮೊದಲು ತಾನೇ ಎರಡು ತುದಿ ಹಿಡಿದು, ಕಿವಿಯ ಹತ್ತಿರ ತಂದು, ಮೆಲ್ಲಗೆ ಬಾಗಿಸಿದ. ‘ಕಿವಿಗಲ್ಲ, ಮೈಯಿಂದ ದೂರ ಹಿಡಿ’ ಎಂದೆ. ಹಿಡಿದ. ಸದ್ದು ಬರಲಿಲ್ಲ. ಆಮೇಲೆ ಇಬ್ಬರೂ ಹೋಗಿ ಗುರಿಯ ಹಿಂದಿನ ಕಲ್ಲನ್ನು ಉರುಳಿಸಿ ಬಂದೆವು.